ಬಿರುಕು ಕೂಡಿತೆಂದು ಮರೆಯಬೇಡಿ

ಕೊಡಗಿನ ಎಳೆಯ ಅಪ್ಪ ಅಮ್ಮಂದಿರೇ, ಏರುತಗ್ಗಿನ ನಮ್ಮ ನಾಡಿನಲ್ಲಿ ಮಕ್ಕಳು ಬೀಳುವುದಕ್ಕೆ ಜಾಗ ಹುಡುಕಬೇಕಿಲ್ಲ. ಪಾಚಿಗಟ್ಟಿದ ಮೆಟ್ಟಿಲಿದೆ, ಕಾಫಿ ಕಣದ ಅಂಚಿದೆ, ಅಪ್ಪನ ಬೈಕಿನ ಟ್ಯಾಂಕಿದೆ. ಬಿದ್ದು ತಲೆಬುರುಡೆ ಸೀಳಿದರೂ ಗೆರೆಯಂಥ ಬಿರುಕು ಹೆಚ್ಚಿನ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ, ಗಾಬರಿ ಬೇಡ. ಎಲುಬು ಕೂಡಿತೆಂದು ಲೆಕ್ಕ ಚುಕ್ತಾ ಮಾಡುವುದೂ ಬೇಡ.

3 ವರ್ಷದೊಳಗಿನ ಕೂಸಾದರೆ ತಲೆಗೆ ಎಣ್ಣೆ ಹಚ್ಚುವಾಗ ಪೆಟ್ಟಾದ ಜಾಗವನ್ನು ಮೆಲ್ಲಗೆ ಸವರಿ ನೋಡುತ್ತಿರಿ. ಬುರುಡೆಯಡಿಯ ಪೊರೆ ಹರಿದಿದ್ದರೆ, ಬೆಳೆಯುವ ಮಿದುಳಿನ ಒತ್ತಡಕ್ಕೆ ಬಿರುಕು ಅಗಲವಾಗುತ್ತ ಹೋಗಬಹುದು. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮೆತ್ತಗಿನ, ಮಿಡಿಯುವ ಊತ ಕಾಣುತ್ತದೆ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಮದ್ದು. ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿನ ನಿಮ್ಹಾನ್ಸಿಗೋ ಬೇಗ ಹೊರಡಿ.

ಮೂಗಿನಿಂದ, ಕಿವಿಯಿಂದ ತಿಳಿನೀರು ಸೋರಿದರೆ ಮಳೆಗಾಲದ ಶೀತವೆಂದು ಕಷಾಯ ಕುಡಿಸಿ ಕೂರಬೇಡಿ. ಅದು ಮಿದುಳಿನ ಸುತ್ತಲಿನ ನೀರಾಗಿದ್ದರೆ ಅದೇ ದಾರಿಯಲ್ಲಿ ಸೋಂಕು ಒಳಹೊಕ್ಕು, ವರ್ಷಗಳಾದ ಮೇಲೂ ಮಿದುಳುಜ್ವರ ಬಂದೀತು. ಕಿವಿಯ ಬಳಿಯ ಎಲುಬು ಸೀಳಿತ್ತೇ? ಶ್ರವಣ ಪರೀಕ್ಷೆ ಮಾಡಿಸಿ. ಕರೆದರೂ ತಿರುಗದ ಮಗು ಹಟಮಾರಿಯೇ ಆಗಿರಬೇಕಿಲ್ಲ. ಮರೆವು, ಸಿಡುಕು, ಪಾಠದಲ್ಲಿ ನಿಲ್ಲದ ಮನಸ್ಸು ಕೂಡ ಮಿದುಳಿಗೆ ಬಿದ್ದ ಪೆಟ್ಟಿನಿಂದ ಬಂದಿರಬಹುದು. ಬೈಯುವ ಮೊದಲು ಟೀಚರಿಗೂ ಡಾಕ್ಟರಿಗೂ ಹೇಳಿ.

ಎಲುಬು ಒಳಕ್ಕೆ ಕುಸಿದು ಮಿದುಳಿಗೆ ಪೆಟ್ಟಾಗಿದ್ದರೆ ಫಿಟ್ಸ್ ವರ್ಷಗಳ ಮೇಲೂ ಶುರುವಾಗಬಹುದು. ಆಗ ಕೈಗೆ ಕಬ್ಬಿಣ ಹಿಡಿಸುವುದು, ಬಾಯಿಗೆ ಚಮಚ ತುರುಕುವುದು ಬೇಡ. ಮಗ್ಗುಲಿಗೆ ಮಲಗಿಸಿ, 5 ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ. ಫಿಟ್ಸಿಗೆ ಡಾಕ್ಟರು ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬೆಳೆದ ಮಕ್ಕಳು ಡಾಕ್ಟರು ಒಪ್ಪುವವರೆಗೆ ಕರಿಮೆಣಸು ಕೊಯ್ಯಲು ಏಣಿ ಹತ್ತುವುದು, ಕೆರೆಗಿಳಿಯುವುದು, ಬೈಕ್ ಓಡಿಸುವುದು ಬೇಡ.

ಜಡಿಮಳೆಯಲ್ಲಿ ಕಾಗದಕ್ಕೂ ಬೂಷ್ಟು ಹಿಡಿಯುವ ಊರು ನಮ್ಮದು. ಸ್ಕ್ಯಾನು, ಡಿಸ್ಚಾರ್ಜ್ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಡಿ, ಫೋನಿನಲ್ಲೂ ಫೋಟೊ ಇರಲಿ. ಮಕ್ಕಳು ಓದಲು ಊರು ಬಿಡುವಾಗ ಅವನ್ನು ಕೈಗೆ ಕೊಟ್ಟು, ಎಳವೆಯಲ್ಲಿ ಆದದ್ದನ್ನು ತಿಳಿಸಿ ಕಳಿಸಿ.

ಕೊನೆಯದಾಗಿ ಬೈಕಿನ ಮಾತು. 4 ವರ್ಷದೊಳಗಿನ ಮಗುವನ್ನು ಕೂರಿಸಿದರೆ ಅದನ್ನು ಸವಾರನಿಗೆ ಬಿಗಿಯುವ ಬೆಲ್ಟ್ ಇರಬೇಕು, ಮಗುವಿಗೆ 9 ತಿಂಗಳು ದಾಟಿದ್ದರೆ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. 2023ರ ಫೆಬ್ರವರಿಯಿಂದ ಇದು ಕೇಂದ್ರದ ನಿಯಮ. ಪೊಲೀಸರ ಭಯಕ್ಕಲ್ಲ, ಮಗುವಿನ ತಲೆಗಾಗಿ ಪಾಲಿಸಿ.