‘ಆರ್‌ಸಿ ಆಮೇಲೆ ಮಾಡಿಸ್ಕೊ’ ಎಂದರೆ ಟ್ರ್ಯಾಕ್ಟರ್ ಅಲ್ಲೇ ಬಿಟ್ಟು ಬನ್ನಿ

ಕಬ್ಬು ಕಡಿಯುವ ಕಾಲ ಹತ್ತಿರವಾದರೆ ಪಾಂಡವಪುರ, ಚಿನಕುರಳಿ, ಮೇಲುಕೋಟೆ ಸುತ್ತ ಹಳೇ ಟ್ರ್ಯಾಕ್ಟರ್ ವ್ಯಾಪಾರ ಬಿರುಸಾಗುತ್ತದೆ. ಹೊಸದಕ್ಕೆ ಶಕ್ತಿ ಇಲ್ಲದವರು ಕೈಸಾಲ ಮಾಡಿ ಹಣ ಹೊಂದಿಸುತ್ತಾರೆ. ಮೆಕ್ಯಾನಿಕ್‌ನನ್ನು ಕರೆದೊಯ್ದು ಎಂಜಿನ್ ಸದ್ದು ಕೇಳುತ್ತಾರೆ, ಹೈಡ್ರಾಲಿಕ್ ಎತ್ತಿಸಿ ನೋಡುತ್ತಾರೆ. ಕಾಗದದ ವಿಷಯ ಬಂದಾಗ ಮಾತ್ರ ದಲ್ಲಾಳಿಯ ಮುಖ ನೋಡುತ್ತಾರೆ. “ಓಪನ್ ಫಾರಂಗೆ ಸೈನ್ ಹಾಕ್ಸಿದ್ದೀನಿ ಕಣಣ್ಣ, ಯಾವಾಗ ಬೇಕಾದ್ರೂ ಹೆಸ್ರು ಮಾಡಿಸ್ಕೊ” ಅನ್ನುತ್ತಾನೆ ಅವನು. ನನ್ನ ಬಳಿ ಬರುವ ಟ್ರ್ಯಾಕ್ಟರ್ ತಕರಾರುಗಳಲ್ಲಿ ಬಹುಪಾಲು ಹುಟ್ಟುವುದು ಈ ಮಾತಿನಿಂದಲೇ.

ಓಪನ್ ಫಾರಂ ಎಂದರೆ ಕೊಳ್ಳುವವರ ಹೆಸರು, ತಾರೀಖು ಎರಡೂ ಖಾಲಿ ಬಿಟ್ಟು ಮಾರಿದವರು ಸಹಿ ಮಾಡಿದ ಫಾರಂ 29 ಮತ್ತು 30. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಖಾಲಿ ಫಾರಂ ಇದ್ದರೆ ದಲ್ಲಾಳಿ ತನ್ನ ಹೆಸರು ಎಲ್ಲೂ ಬಾರದಂತೆ ಗಾಡಿಯನ್ನು ಮೂರ್ನಾಲ್ಕು ಕೈ ದಾಟಿಸಬಹುದು. ಅದಕ್ಕೇ ಅವನಿಗೆ ಅದರ ಮೇಲೆ ಅಷ್ಟು ಪ್ರೀತಿ.

ಮಾರಿದವರೂ ನಿಶ್ಚಿಂತೆಯಿಂದ ಮಲಗುವ ಹಾಗಿಲ್ಲ. ಕೈಯಿಂದ ಕೈಗೆ ಮಾರಾಟವಾಗಿದ್ದ ಕಾರೊಂದರ ಅಪಘಾತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ, ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ತೀರ್ಪಿನಲ್ಲಿ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದಿತು. ಇನ್ಶೂರೆನ್ಸ್ ಇಲ್ಲದ ಟ್ರ್ಯಾಕ್ಟರ್ ರಾತ್ರಿ ಬೈಕಿಗೆ ಗುದ್ದಿದರೆ, ಅದನ್ನು ಎಂದೋ ಮಾರಿ ಮರೆತವರ ಮನೆ ಬಾಗಿಲಿಗೆ ನೋಟಿಸ್ ಬರುತ್ತದೆ. ಛಾಪಾ ಕಾಗದದ ಕರಾರು, ನೋಟರಿ ಸೀಲು ತೋರಿಸಿದರೂ ಬಿಡುಗಡೆ ಸಿಗುವುದಿಲ್ಲ.

ಕೊಂಡವರ ಪಾಡು ಬೇರೆ. ಇನ್ಶೂರೆನ್ಸ್ ಇದ್ದರೆ ಅಪಘಾತಕ್ಕೀಡಾದ ಹೊರಗಿನವರಿಗೆ ಅದರ ರಕ್ಷಣೆ ಮುಂದುವರಿಯುತ್ತದೆ. ಆದರೆ ನಿಮ್ಮ ಗಾಡಿಗೇ ಆದ ಹಾನಿಗೆ ಹಣ ಕೇಳಿದರೆ ಕಂಪನಿ ಪಾಲಿಸಿ ಯಾರ ಹೆಸರಿನಲ್ಲಿದೆ ಎಂದು ನೋಡುತ್ತದೆ. ಪಾಲಿಸಿ ವರ್ಗಾವಣೆಗೂ 14 ದಿನದೊಳಗೆ ಅರ್ಜಿ ಕೊಡಬೇಕು. ಈ ಮಾತನ್ನು ದಲ್ಲಾಳಿ ಹೇಳುವುದೇ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂ–ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಸಾಲದ ನಮೂದು ಇದ್ದರೆ “ಕಟ್ಟಿ ಮುಗಿಸಿದ್ದೀವಿ” ಎಂಬ ಬಾಯಿಮಾತು ಬೇಡ; ಬ್ಯಾಂಕಿನ ಎನ್‌ಒಸಿ, ಬ್ಯಾಂಕ್ ಸಹಿ ಇರುವ ಫಾರಂ 35 ಎರಡೂ ಕೈಗೆ ಬರಲಿ. ಇಲ್ಲವಾದರೆ ಫೈನಾನ್ಸಿನವರು ನಿಮ್ಮ ಹೊಲದಿಂದಲೇ ಗಾಡಿ ಎಳೆದುಕೊಂಡು ಹೋದಾರು. ಆಮೇಲೆ ಸೀಮೆಎಣ್ಣೆ ಬಟ್ಟೆಯಲ್ಲಿ ಗ್ರೀಸು ಒರೆಸಿ ಚಾಸಿ ನಂಬರನ್ನು ಅಕ್ಷರ ಅಕ್ಷರವಾಗಿ ಆರ್‌ಸಿಗೆ ಹೋಲಿಸಿ. ಒಂದು ಅಂಕಿ ಸೊಟ್ಟಗಿದ್ದರೆ, ಸುತ್ತ ಉಜ್ಜಿದ ಗುರುತಿದ್ದರೆ ಚೌಕಾಸಿ ಮಾಡದೆ ಎದ್ದು ಬನ್ನಿ. ಟ್ರೇಲರ್‌ಗೆ ಬೇರೆಯೇ ಆರ್‌ಸಿ ಇರುತ್ತದೆ, ಅದನ್ನೂ ಕೇಳಿ.

ಆರ್‌ಸಿಯಲ್ಲಿರುವವರು ತೀರಿಕೊಂಡಿದ್ದರೆ 29, 30 ನಡೆಯುವುದಿಲ್ಲ. ಮೊದಲು ವಾರಸುದಾರರು ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಸತ್ತವರ ಸಹಿ ಇರುವ ಫಾರಂ ತಂದುಕೊಡುವ ದಲ್ಲಾಳಿಗಳೂ ಇದ್ದಾರೆ. ಅದು ಫೋರ್ಜರಿ. ಕೇಸಾದರೆ ಅರ್ಜಿಗೆ ಸಹಿ ಹಾಕಿದವರು ನೀವು, ಅವನಲ್ಲ.

ಹಣವನ್ನು ಪೂರ್ತಿ ಕೊಡಬೇಡಿ. ಒಂದು ಪಾಲನ್ನು ಆರ್‌ಸಿ ನಿಮ್ಮ ಹೆಸರಿಗೆ ಬಂದ ಮೇಲೆ ಕೊಡುವುದಾಗಿ ಕರಾರಿನಲ್ಲಿ ಬರೆಸಿ, ಉಳಿದದ್ದನ್ನು ಬ್ಯಾಂಕ್ ಮೂಲಕವೇ ಕಳಿಸಿ. ಮಾರುವವರನ್ನೇ ಜೊತೆಗೆ ಕರೆದುಕೊಂಡು ಅರ್ಜಿ ಹಾಕಿ. ಅವರ ಮೊಬೈಲಿಗೆ ಬರುವ ಒಟಿಪಿಗಾಗಿ ವರ್ಷ ಕಳೆದ ಮೇಲೆ ಅಲೆಯುವ ಪಾಡು ಬೇಡ. ಆರ್‌ಟಿಒ ಕಿಟಕಿಯಲ್ಲಿ “ಏಜೆಂಟ್ ಮೂಲಕ ಬಾ” ಎಂದರೆ ಅದನ್ನೇ ಬರೆದು ಕೊಡಿ ಎಂದು ಕೇಳಿ. ಬರೆದು ಕೊಟ್ಟವರನ್ನು ನಾನಂತೂ ಕಂಡಿಲ್ಲ.

ಈಗಾಗಲೇ ಓಪನ್ ಫಾರಂ ಹಿಡಿದು ಕೂತವರು ಮೂಲ ಮಾಲೀಕರನ್ನು ಇಂದೇ ಹುಡುಕಿ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಪಾಂಡವಪುರ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100.