ಎರೆ ಬಿರಿದರೆ ಬರೀ ನೀರು ಸಾಲದು

ಅಕ್ಕಾವ್ರೆ,

ದಿನಾ ನೀರು ಹಾಕಿದರೂ ಬಸವನ ಬಾಗೇವಾಡಿಯ ನಿಮ್ಮ ಹಿತ್ತಲಿನ ಬದನೆ ಒಣಗುತ್ತಿರುವುದಕ್ಕೆ ಬಿಸಿಲೊಂದೇ ಕಾರಣವಲ್ಲ. ಎರೆಮಣ್ಣು ಆರಿದಂತೆ ಕುಗ್ಗಿ ಬಿರಿಯುತ್ತದೆ. ಎಳೆ ಬೇರುಗಳು ಹರಿಯುತ್ತವೆ, ನೀವು ಹಾಕಿದ ನೀರು ಬಿರುಕಿನಲ್ಲಿ ಇಳಿದುಹೋಗುತ್ತದೆ. ಮೊದಲು ಮೇಲ್ಮಣ್ಣನ್ನು ಕುರ್ಪಿಯಿಂದ ಸಡಿಲಿಸಿ ಬಿರುಕು ಮುಚ್ಚಿ. ಕಾಂಡಕ್ಕೆ ತಾಗದಂತೆ ಸುತ್ತಲೂ ತೊಗರಿ ಹೊಟ್ಟು ದಪ್ಪಗೆ ಹರಡಿ. ನಮ್ಮ ಕಡೆ ಅದಕ್ಕೇನು ಬರವೇ? ನೀರು ಸಂಜೆ ಹಾಕಿ, ದಿನ ಬಿಟ್ಟು ದಿನವಾದರೂ ಸರಿ, ಬುಡ ಪೂರ್ತಿ ತೋಯಬೇಕು. ಅಕ್ಕಿ, ಬೇಳೆ ತೊಳೆದ ನೀರು ಧಾರಾಳ ಹಾಕಿ, ಸೋಪಿನ ನೀರು ಬೇಡ.

ಹೀರೆ, ಚವಳಿ, ಪುಂಡಿಪಲ್ಲೆ ಬಿತ್ತಲು ಅವಸರ ಬೇಡ. ಮೇ ಕೊನೆಗೆ ರೋಹಿಣಿ ಮಳೆ ಬೀಳಲಿ.

ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿ ಕೈತೋಟ ಕಲಿಯುವ ನಿಮ್ಮ ಯೋಚನೆ ಚೆನ್ನಾಗಿದೆ. ಆದರೆ ಭಾಷಣ ಇಡಬೇಡಿ, ಜನ ಚಹಾ ಕುಡಿದು ಎದ್ದು ಹೋಗುತ್ತಾರೆ. ವಾರಕ್ಕೊಬ್ಬರ ಹಿತ್ತಲಲ್ಲಿ ಸೇರಿ, ಕೈ ಮಣ್ಣಾಗಲಿ. ಮನೆಯಲ್ಲಿ ಎತ್ತಿಟ್ಟ ಜವಾರಿ ಬೀಜ ಹಂಚಿಕೊಳ್ಳಿ. ಹೈಬ್ರಿಡ್ ಗಿಡದ ಬೀಜ ಇದಕ್ಕೆ ಆಗದು, ಮರುವರ್ಷ ಒಂದೊಂದು ಗಿಡ ಒಂದೊಂದು ತರಹ ಬರುತ್ತದೆ. ಮಣ್ಣು ಪರೀಕ್ಷೆ ಬೇಕಿದ್ದರೆ ಒಬ್ಬೊಬ್ಬರೇ ಅಲೆಯದೆ, ಎಲ್ಲರ ಮಾದರಿ ಒಟ್ಟಿಗೆ ಒಯ್ದು ವಿಜಯಪುರದ ಹಿಟ್ಟಿನಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮಳೆಗೆ ಮೊದಲೇ ಹೋಗಿ ಬನ್ನಿ.