ಮೂರು ಊರು ಸಾಕು

ಸ್ಪೇನ್‌ಗೆ ಹೊರಟವರು ಎಂಟು ದಿನಕ್ಕೆ ಏಳು ಊರು ಅಂತ ಪಟ್ಟಿ ಹಾಕಿಕೊಳ್ಳುತ್ತಾರೆ. ನನ್ನ ಮಾತು ಕೇಳಿ, ಮೊದಲ ಸಲಕ್ಕೆ ಮೂರೇ ಸಾಕು: ಕೊರ್ಡೋಬಾ, ಗ್ರನಾಡಾ, ಸೆವಿಲ್.

ಕೊರ್ಡೋಬಾದ ಮೆಸ್ಕೀತಾಗೆ ಅರ್ಧ ದಿನ ಕೊಡಿ. ಒಂದನೆಯ ಅಬ್ದ್ ಅಲ್ ರಹಮಾನ್ 785ರ ಸುಮಾರಿಗೆ ಕಟ್ಟಿಸತೊಡಗಿದ ಮಸೀದಿ ಇದು. ಈಗ ಒಳಗೆ 850ಕ್ಕೂ ಹೆಚ್ಚು ಕಂಬಗಳಿವೆ. ಹಳೆಯ ಭಾಗದಲ್ಲಿ ನಿಂತು ಅವುಗಳ ತಲೆ ನೋಡುತ್ತಾ ಬನ್ನಿ; ಒಂದರ ಕೆತ್ತನೆ ಇನ್ನೊಂದಕ್ಕಿಲ್ಲ. ರೋಮನ್ನರ, ವಿಸಿಗಾತರ ಕಟ್ಟಡಗಳಿಂದ ಕಿತ್ತು ತಂದವು ಅವು. ಕಂಬ ಗಿಡ್ಡ, ಚಾವಣಿ ಎತ್ತರ ಬೇಕು. ಅದಕ್ಕೇ ಕಮಾನಿನ ಮೇಲೊಂದು ಕಮಾನು ಕೂರಿಸಿದರು, ಕೆಂಪು ಇಟ್ಟಿಗೆ, ಬಿಳಿಗಲ್ಲು ಬೆರೆಸಿ. ನಟ್ಟನಡುವೆ 16ನೇ ಶತಮಾನದಲ್ಲಿ ಎಬ್ಬಿಸಿದ ಕೆಥೆಡ್ರಲ್ ಇದೆ. ಚೆಂದವೇನೋ ಹೌದು, ಕೂತ ಜಾಗ ಮಾತ್ರ ಸರಿಯಿಲ್ಲ ಅನ್ನಿಸುತ್ತದೆ.

ಗ್ರನಾಡಾದ ಅಲ್ಹಾಂಬ್ರಾ ಕೋಟೆಗೆ ವಾರಗಳ ಮುಂಚೆಯೇ ಟಿಕೆಟ್ ಮಾಡಿಸಿ. ಅಲ್ಲಿನ ನಸ್ರಿದ್ ಅರಮನೆಗಳಿಗೆ ಟಿಕೆಟ್‌ನಲ್ಲಿ ಬರೆದ ಸಮಯಕ್ಕೇ ಹೋಗಬೇಕು. ಪಾಸ್‌ಪೋರ್ಟ್ ಕೈಯಲ್ಲಿರಲಿ.

ಸೆವಿಲ್‌ನ ಹಿರಾಲ್ಡಾ ಗೋಪುರಕ್ಕೆ ಹೆದರಬೇಡಿ. ಮೆಟ್ಟಿಲಿಗೆ ಬದಲು ಸುತ್ತಿ ಸುತ್ತಿ ಏರುವ 35 ಇಳಿಜಾರುಗಳಿವೆ, ತೀರಾ ಮೇಲೆ ಮಾತ್ರ ಒಂದಿಷ್ಟು ಮೆಟ್ಟಿಲು. ಜುಲೈ, ಆಗಸ್ಟ್ ಬೇಡ. ಬಿಸಿಲು 40 ಡಿಗ್ರಿ ದಾಟುತ್ತದೆ.

ಇನ್ನೊಂದು ಮಾತು. ಅಲ್ಲಿ ರಾತ್ರಿಯೂಟ ಒಂಬತ್ತರ ಮೇಲೇ. ಸಂಜೆಗೆ ಚೀಲದಲ್ಲಿ ನಾಲ್ಕು ಚಕ್ಕುಲಿ ಇಟ್ಟುಕೊಂಡಿರಿ.